ಹೊಸ ಹುಡುಗನ ಆಟ ಅಳೆಯೋಕೆ ಕೆನ್‌ಪಾಮ್

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ನೋಡುವವರಿಗೆ ಈ ವಾದ ಹೊಸದಲ್ಲ. ಮೊದಲ ವರ್ಷದ ಹುಡುಗನೊಬ್ಬ ಪಂದ್ಯಕ್ಕೆ ಏಳೆಂಟು ಪಾಯಿಂಟ್ ಹೊಡೆಯುತ್ತಾನೆ. ಒಬ್ಬರು ‘ಇವನ ಕೈಲಿ ಆಗಲ್ಲ’ ಅಂತಾರೆ, ಇನ್ನೊಬ್ಬರು ‘ಇನ್ನೆರಡು ವರ್ಷ ಕೊಡಿ’ ಅಂತಾರೆ. ಸುಮ್ನೆ ಕೂಗಾಡುವ ಬದಲು ಏನಾದರೂ ಆಧಾರ ಇರಲಿ ಅಂತ ಕೆನ್ ಪಾಮರಾಯ್ ಅವರ ಕೆನ್‌ಪಾಮ್ ಅನ್ನೋ ಕಾಲೇಜು ಬ್ಯಾಸ್ಕೆಟ್‌ಬಾಲ್ ಅಂಕಿಅಂಶಗಳ ವೆಬ್‌ಸೈಟ್‌ಗೆ ಚಂದಾ ಕಟ್ಟಿದೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ನನಗೆ ಜಾಸ್ತಿ ಇಷ್ಟವಾಗಿದ್ದು ಪ್ರತಿ ತಂಡದ ಪುಟದಲ್ಲಿರುವ ಆಟಗಾರರ ಪಟ್ಟಿ. ಹುಡುಗ ಕೋರ್ಟ್‌ನಲ್ಲಿದ್ದಾಗ ತಂಡದ ಅವಕಾಶಗಳಲ್ಲಿ (ಅಂದರೆ ಚೆಂಡು ತಂಡದ ಕೈಗೆ ಬಂದ ಸರದಿಗಳಲ್ಲಿ) ಎಷ್ಟು ಪಾಲು ಅವನ ಕೈಯಲ್ಲಿ ಮುಗಿಯಿತು, ಅಂಥ 100 ಅವಕಾಶಕ್ಕೆ ಎಷ್ಟು ಪಾಯಿಂಟ್ ಬಂತು ಅನ್ನುವುದು ಅಲ್ಲಿ ಕಾಣುತ್ತದೆ. ಪರ್ಡ್ಯೂ ವಿಶ್ವವಿದ್ಯಾಲಯದ ತಂಡದಲ್ಲಿದ್ದ ಝ್ಯಾಕ್ ಈಡಿಯನ್ನೇ ನೋಡಿ. ಮೊದಲ ವರ್ಷ, 2020-21ರಲ್ಲಿ, ಪಂದ್ಯಕ್ಕೆ ಅವನ ಸರಾಸರಿ 8.7 ಪಾಯಿಂಟ್ ಅಷ್ಟೇ. ಆದರೆ 40 ನಿಮಿಷದ ಪಂದ್ಯದಲ್ಲಿ ಅವನಿಗೆ ಸಿಗುತ್ತಿದ್ದದ್ದು ಸುಮಾರು 15 ನಿಮಿಷ! ಅದೇ ಹುಡುಗ 2023 ಮತ್ತು 2024ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರನಾದ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 9ನೆಯವನಾಗಿ ಆಯ್ಕೆಯಾದ. ಬರೀ ಪಾಯಿಂಟ್ ನೋಡಿ ತೀರ್ಪು ಕೊಟ್ಟರೆ ಇಂಥವರು ಕಣ್ಣು ತಪ್ಪುತ್ತಾರೆ, ಅಲ್ವಾ?

ಡಿಫೆನ್ಸ್ ವಿಷಯ ಬೇರೆ. ಹುಡುಗ ಸರಿಯಾದ ಜಾಗದಲ್ಲಿ ನಿಂತನಾ, ಜೊತೆಗಾರನ ನೆರವಿಗೆ ಓಡಿದನಾ ಅನ್ನುವುದಕ್ಕೆ ಪಂದ್ಯವನ್ನೇ ನೋಡಬೇಕು.

ಚಂದಾ ತಗೊಳ್ಳುವುದಾದರೆ ಸೀಸನ್ ಶುರುವಾಗುವ ನವೆಂಬರ್‌ನಲ್ಲೇ ತಗೊಳ್ಳಿ. ಮಾರ್ಚ್‌ವರೆಗೆ ಆ ಸಂಖ್ಯೆಗಳು ಏರಿಳಿಯುವುದನ್ನು ನೋಡುವುದೇ ಒಂದು ಖುಷಿ.