ಸ್ಕ್ರೀನ್ ಪ್ರಿಂಟಿಂಗ್‌ನ ಹಳೆ ಸ್ಕ್ರೀನ್ ತೊಳೆಯಲು ಬ್ಲೀಚಾ, ರಿಮೂವರಾ?

ಮಡಿಕೇರಿಯಂಥ ಊರಲ್ಲಿ ಕಾಫಿ ಚೀಲ, ಮದುವೆ ಕಾರ್ಡ್ ಪ್ರಿಂಟ್ ಮಾಡುವವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ: ಮೆಶ್ (ಫ್ರೇಮಿಗೆ ಬಿಗಿದ ಜಾಲರಿ ಬಟ್ಟೆ) ಮೇಲಿನ ಹಳೆ ಎಮಲ್ಷನ್, ಅಂದರೆ ಡಿಸೈನ್ ಮೂಡಿಸಲು ಹಚ್ಚಿದ ಪದರ, ತೆಗೆಯುವುದು ಹೇಗೆ?

ಬ್ಲೀಚ್ ಅಗ್ಗ, ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ನಿಧಾನ. ಅಲ್ಯೂಮಿನಿಯಂ ಫ್ರೇಮನ್ನೂ ತಿನ್ನುತ್ತದೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲಂತೂ ಬೇಡವೇ ಬೇಡ, ವಾಸನೆಗೆ ಕಣ್ಣು ಉರಿಯುತ್ತದೆ. ಆಸಿಡ್ ಜೊತೆ ಬೆರೆಸಲೇಬೇಡಿ, ವಿಷಗಾಳಿ ಏಳುತ್ತದೆ.

ಸೋಡಿಯಂ ಮೆಟಾಪೀರಿಯೊಡೇಟ್ ಇರುವ ರಿಮೂವರ್‌ಗೆ ದುಡ್ಡು ಜಾಸ್ತಿ. ಆದರೂ ನಾನು ಇದನ್ನೇ ಹೇಳುತ್ತೇನೆ. ಮೊದಲು ಇಂಕನ್ನು ಪೂರ್ತಿ ತೆಗೆಯಿರಿ. ಆಮೇಲೆ ಎರಡೂ ಬದಿ ಹಚ್ಚಿ ಬ್ರಷ್‌ನಿಂದ ಉಜ್ಜಿ. ಸ್ವಲ್ಪ ಹೊತ್ತಲ್ಲೇ ಎಮಲ್ಷನ್ ಹಾಲಿನ ಕೆನೆಯಂತೆ ಜಾರುತ್ತದೆ. ಆಗ ಜೋರಾಗಿ ನೀರು ಹೊಡೆಯಿರಿ. ಮೆಶ್ ಮೇಲೆ ರಿಮೂವರ್ ಒಣಗಲು ಮಾತ್ರ ಬಿಡಬೇಡಿ. ಒಣಗಿದರೆ ಎಮಲ್ಷನ್ ಕಚ್ಚಿ ಕೂರುತ್ತದೆ, ಮೆಶ್ಶೇ ಹೋಯ್ತು.

ಯಾವುದಾದರೂ ಸರಿ, ಗ್ಲೌಸ್ ಹಾಕಿಕೊಳ್ಳಿ. ತೊಳೆದ ನೀರು ತೋಡಿಗೆ ಹೋಗದಿರಲಿ.