ಗಿರಾಕಿಯನ್ನು ಬಾಗಿಲಲ್ಲೇ ಓಡಿಸುವ ಆನ್‌ಲೈನ್ ಮಾರ್ಕೆಟಿಂಗ್: ಇಳಕಲ್‌ನ ಸೀರೆ ಅಂಗಡಿಯೊಂದರ ಅನುಭವ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದ ಸಣ್ಣ ವ್ಯಾಪಾರಸ್ಥರ ಬಳಿಗೆ ಈಗ ‘ನಿಮ್ಮ ಅಂಗಡಿಯನ್ನು ಆನ್‌ಲೈನ್‌ಗೆ ತರುತ್ತೇವೆ, ತಿಂಗಳಿಗೆ ಇಷ್ಟು ಲೀಡ್ (ಕೊಳ್ಳಬಹುದಾದವರ ಹೆಸರು, ಫೋನ್ ನಂಬರ್) ಖಾತ್ರಿ’ ಎಂದು ಹೇಳಿಕೊಂಡು ಡಿಜಿಟಲ್ ಮಾರ್ಕೆಟಿಂಗ್ ಏಜೆನ್ಸಿಯವರು ಬರುತ್ತಿದ್ದಾರೆ. ಅವರೆಲ್ಲರೂ ಮೋಸಗಾರರೆಂದು ನಾನು ಹೇಳುವುದಿಲ್ಲ. ಆದರೆ ಇಳಕಲ್‌ನಲ್ಲಿರುವ ನಮ್ಮ ಕಾಕಾ ಅವರ ಸೀರೆ ಅಂಗಡಿಯ ಜಾಲತಾಣವನ್ನು ಅಂಥದೊಂದು ಏಜೆನ್ಸಿ ಕೈಗೆತ್ತಿಕೊಂಡ ಮೇಲೆ, ಒಳಗೆ ಬಂದ ಗಿರಾಕಿ ಒಂದು ಸೀರೆಯನ್ನೂ ಕಣ್ಣಿಂದ ನೋಡದೆ ಹೊರಟುಹೋಗುವ ಪರಿಸ್ಥಿತಿ ಹೇಗೆ ಬಂತೆಂಬುದನ್ನು, ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುವವನಾಗಿ ನಾನು ಹತ್ತಿರದಿಂದ ಕಂಡಿದ್ದೇನೆ. ಏಜೆನ್ಸಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೆಸರು ಬೇರೆಯಾದರೂ ಇದೇ ಸರಕನ್ನು ಮಾರುವವರು ಬಹಳ ಜನ ಇದ್ದಾರೆ. ಅಮೀನಗಡದ ಕರದಂಟಿನ ಅಂಗಡಿಗೂ ಬೆಳಗಾವಿಯ ಕುಂದಾ ಅಂಗಡಿಗೂ ಅವರು ನಾಳೆ ಬಂದು ನಿಲ್ಲಬಹುದು.

ಮೊದಲಿದ್ದ ಜಾಲತಾಣ ತೀರ ಸರಳವಾಗಿತ್ತು. ಸೀರೆಯ ಚಿತ್ರ, ಅದು ಆರು ವಾರಿಯೋ ಒಂಬತ್ತು ವಾರಿಯೋ ಎಂಬ ವಿವರ, ದಡಿ ಗೋಮಿಯೋ ಚಿಕ್ಕಿ ಪರಾಸವೋ ಗಾಡಿಯೋ ಎಂಬ ಮಾಹಿತಿ, ನೂಲು ಹತ್ತಿಯೋ ರೇಷ್ಮೆಯೋ ಎಂಬುದು, ಬೆಲೆ, ಕೊನೆಗೆ ಕಾಕಾ ಅವರ ಫೋನ್ ನಂಬರ್. ಹುಬ್ಬಳ್ಳಿ, ಸೊಲ್ಲಾಪುರ, ಕೊಲ್ಲಾಪುರದ ಕಡೆಯವರು ಚಿತ್ರ ನೋಡಿ ವಾಟ್ಸ್‌ಆ್ಯಪ್‌ನಲ್ಲಿ ಕೇಳುತ್ತಿದ್ದರು, ಹಣ ಹಾಕುತ್ತಿದ್ದರು, ಪಾರ್ಸಲ್ ಹೋಗುತ್ತಿತ್ತು. ವ್ಯಾಪಾರ ದೊಡ್ಡದಾಗಿರಲಿಲ್ಲ, ಆದರೆ ಒಮ್ಮೆ ತೆಗೆದುಕೊಂಡವರು ಮಗಳ ಮದುವೆಗೂ ಸೊಸೆಯ ಸೀಮಂತಕ್ಕೂ ಮತ್ತೆ ಕೇಳಿಕೊಂಡು ಬರುತ್ತಿದ್ದರು.

ಏಜೆನ್ಸಿಯವರು ಇದನ್ನು ‘ಹಳೆಯ ಕಾಲದ್ದು’ ಎಂದರು. ಅವರು ಮಾಡಿಕೊಟ್ಟ ಹೊಸದರ ಬಗ್ಗೆ ನಮಗೆ ಮೊದಲ ಸುಳಿವು ಸಿಕ್ಕಿದ್ದು ವಿಜಯಪುರದ ಹಳೆಯ ಗಿರಾಕಿಯೊಬ್ಬರಿಂದ. ನಿವೃತ್ತ ಶಿಕ್ಷಕಿಯಾದ ಅವರು ಕಾಕಾ ಅವರಿಗೆ ಫೋನ್ ಮಾಡಿ, “ಅಣ್ಣಾರ, ನಿಮ್ಮ ಅಂಗಡಿ ತಗದ್ರ ಒಂದು ಗಾಲಿ ತಿರಗಾಕತ್ತೈತಿ, ಸೀರಿ ಒಂದೂ ಕಾಣವಲ್ದು. ಯಾರರ ಹ್ಯಾಕ್ ಮಾಡ್ಯಾರೇನು ನೋಡ್ರಿ” ಎಂದರು. ಯಾರೂ ಹ್ಯಾಕ್ ಮಾಡಿರಲಿಲ್ಲ. ಆ ಗಾಲಿಗೆ ನಾವು ತಿಂಗಳು ತಿಂಗಳು ಹಣ ಕೊಡುತ್ತಿದ್ದೆವು.

ಆ ದಿನ ನಾನು ಕಂಪ್ಯೂಟರ್ ಬಿಟ್ಟು, ಅಂಗಡಿಯ ಹುಡುಗನ ಸಾಧಾರಣ ಫೋನಿನಲ್ಲಿ ನಮ್ಮದೇ ಜಾಲತಾಣವನ್ನು ಹೊರಗಿನವನಂತೆ ತೆರೆದು ನೋಡಿದೆ. ಪುಟ ಪೂರ್ತಿ ಬರುವ ಮೊದಲೇ ‘ನೋಟಿಫಿಕೇಶನ್ ಕಳಿಸಲು ಅನುಮತಿ ಕೊಡಿ’ ಎಂಬ ಕೋರಿಕೆ ಬಂತು. ಅದನ್ನು ದಾಟಿದರೆ ಪರದೆ ತುಂಬ ಬಣ್ಣದ ಗಾಲಿ: ತಿರುಗಿಸಿ, ರಿಯಾಯಿತಿ ಗೆಲ್ಲಿ, ಅದಕ್ಕೆ ಮೊದಲು ಫೋನ್ ನಂಬರ್ ಹಾಕಿ. ಮುಚ್ಚುವ ಗುರುತು ತಿಳಿ ಬೂದು ಬಣ್ಣದಲ್ಲಿ, ಸಾಸಿವೆಕಾಳಿನಷ್ಟು ಸಣ್ಣದಾಗಿ ಮೇಲ್ತುದಿಯಲ್ಲಿತ್ತು; ಬೆರಳು ಸ್ವಲ್ಪ ಆಚೀಚೆಯಾದರೆ ಗಾಲಿಯೇ ತಿರುಗುತ್ತಿತ್ತು. ಕೆಳಗೆ ನಿರಾಕರಿಸುವವರಿಗಾಗಿ ಒಂದು ಸಾಲು: ‘ಬೇಡ, ನನಗೆ ಪೂರ್ತಿ ಬೆಲೆ ಕೊಡುವುದೇ ಇಷ್ಟ.’ ಅದನ್ನೂ ಒತ್ತಿ ಒಳಗೆ ಹೋದರೆ ಜೋರು ಸಂಗೀತದೊಂದಿಗೆ ತನ್ನಷ್ಟಕ್ಕೆ ಓಡುವ ವಿಡಿಯೊ, ಬಲಮೂಲೆಯಲ್ಲಿ ‘ನಮಸ್ಕಾರ, ನಾನು ಸಹಾಯ ಮಾಡಲೇ?’ ಎನ್ನುವ ಚಾಟ್ ಪೆಟ್ಟಿಗೆ, ಎಡಮೂಲೆಯಲ್ಲಿ ‘ಗುರುಗ್ರಾಮದ ಪ್ರಿಯಾ ಈಗಷ್ಟೇ ಈ ಸೀರೆ ಖರೀದಿಸಿದರು’ ಎಂಬ ಚೀಟಿ. ಬೇಸತ್ತು ಹಿಂದಕ್ಕೆ ಹೋಗಲು ನೋಡಿದರೆ ‘ತಾಳಿ, ಹೋಗಬೇಡಿ’ ಎಂದು ಇನ್ನೊಂದು ಪೆಟ್ಟಿಗೆ ಅಡ್ಡ ಬಂತು. ಇಷ್ಟೆಲ್ಲದರ ನಡುವೆ ಸೀರೆಯ ಸೆರಗು ಕಂಡದ್ದು ಅಂಗೈಯ ಅರ್ಧದಷ್ಟು ಜಾಗದಲ್ಲಿ.

ಪ್ರಿಯಾ ಎಂಬ ಹೆಸರಿನಲ್ಲಿ ನಮ್ಮ ಆರ್ಡರ್ ಪುಸ್ತಕದಲ್ಲಿ ಒಂದೂ ಬರಹವಿರಲಿಲ್ಲ. ಗುರುಗ್ರಾಮಕ್ಕೆ ನಾವು ಅಲ್ಲಿಯವರೆಗೆ ಒಂದು ಪಾರ್ಸಲ್ಲನ್ನೂ ಕಳಿಸಿರಲಿಲ್ಲ. ವಿಚಾರಿಸಿದಾಗ ತಿಳಿದದ್ದೇನೆಂದರೆ, ಆ ಚೀಟಿಗಳು ಒಂದು ಸಿದ್ಧ ಪಟ್ಟಿಯಿಂದ ಹೆಸರು, ಊರುಗಳನ್ನು ಎತ್ತಿಕೊಂಡು ಬರುವ ಪ್ಲಗಿನ್‌ನ, ಅಂದರೆ ಜಾಲತಾಣಕ್ಕೆ ಜೋಡಿಸುವ ಸಣ್ಣ ತಂತ್ರಾಂಶದ, ಕೆಲಸ. ‘ಇನ್ನು ಎರಡೇ ಉಳಿದಿವೆ’, ‘ಈಗ 18 ಜನ ನೋಡುತ್ತಿದ್ದಾರೆ’ ಎಂಬ ಸಂಖ್ಯೆಗಳೂ ಹಾಗೆಯೇ ಮನಸ್ಸಿಗೆ ಬಂದಂತೆ ಹುಟ್ಟುವಂಥವು. ಹತ್ತು ನಿಮಿಷದಲ್ಲಿ ಮುಗಿಯುವುದೆಂದು ಹೇಳುವ ರಿಯಾಯಿತಿಯ ಗಡಿಯಾರ, ಪುಟವನ್ನು ಮುಚ್ಚಿ ತೆರೆದರೆ ಮತ್ತೆ ಹತ್ತು ನಿಮಿಷಕ್ಕೇ ಬಂದು ನಿಲ್ಲುತ್ತಿತ್ತು.

ನನಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಇದರಿಂದಲೇ. ಕೈಮಗ್ಗದ ಇಳಕಲ್ ಸೀರೆಗೆ ಸುಳ್ಳು ಅಭಾವವನ್ನು ಕಟ್ಟುವ ಅಗತ್ಯವೇ ಇಲ್ಲ. ಒಡಲಿನ ಹಾಸು ನೂಲನ್ನೂ (ಉದ್ದಕ್ಕೆ ಹಾಸುವ ಎಳೆ) ಸೆರಗಿನ ಹಾಸು ನೂಲನ್ನೂ ಕೊಂಡಿ ಹಾಕಿ ಜೋಡಿಸಿ, ಕೆಂಪು ಸೆರಗಿನಲ್ಲಿ ತೋಪ ತೆನೆ ಎಂಬ ಬಿಳಿಯ ವಿನ್ಯಾಸವನ್ನು ತೆಗೆಯುವ ಈ ನೇಯ್ಗೆ ದಿನಗಳನ್ನು ಬೇಡುತ್ತದೆ. ಅದರ ಮೇಲೆ ಕಸೂತಿ ಹಾಕಿಸಿದರಂತೂ ಇನ್ನೂ ತಡ. ಅದೇ ಬಣ್ಣ, ಅದೇ ದಡಿ, ಅದೇ ಕಸೂತಿಯ ಸೀರೆ ನಮ್ಮಲ್ಲಿ ನಿಜವಾಗಿಯೂ ಒಂದೇ ಇರುವುದುಂಟು. ಏಜೆನ್ಸಿ ಬರುವ ಮೊದಲು ಕಾಕಾ ಅಂಥ ಸೀರೆಯ ಕೆಳಗೆ ‘ಇದು ಒಂದೇ ಇದೆ, ಇಂಥದು ಮತ್ತೆ ಬೇಕಾದರೆ ನೇಯಿಸಬೇಕಾಗುತ್ತದೆ’ ಎಂದು ಬರೆಸುತ್ತಿದ್ದರು, ಜನ ನಂಬುತ್ತಿದ್ದರು. ಪವರ್‌ಲೂಮಿನಲ್ಲಿ ಬಂದ, ಕಪಾಟಿನಲ್ಲಿ ಕಟ್ಟು ಕಟ್ಟಾಗಿರುವ ಸೀರೆಗೂ ‘ಎರಡೇ ಉಳಿದಿವೆ’ ಎಂದು ಬರೆಯತೊಡಗಿದ ಮೇಲೆ, ಒಂದೇ ಇರುವ ಕೈಮಗ್ಗದ ಸೀರೆಯ ಮಾತನ್ನು ಗಿರಾಕಿ ಏಕೆ ನಂಬಬೇಕು? ಪುಣೆಯ ಗಿರಾಕಿಯೊಬ್ಬರು ಕೇಳಿಯೇ ಬಿಟ್ಟರು: ಹೋದ ವಾರವೂ ಎರಡೇ ಇದ್ದವು, ಇವತ್ತೂ ಎರಡೇ ಇವೆ, ನಡುವೆ ಗುರುಗ್ರಾಮದವರು ಒಯ್ದದ್ದು ಯಾವುದು ಎಂದು. ಅವರಿಗೆ ಕೊಡಲು ನಮ್ಮಲ್ಲಿ ಉತ್ತರವಿರಲಿಲ್ಲ.

ಏಜೆನ್ಸಿಯ ತಿಂಗಳ ವರದಿ ಮಾತ್ರ ಬಹಳ ಚೆನ್ನಾಗಿರುತ್ತಿತ್ತು. ‘ಲೀಡ್’ ಎಂಬ ಕಂಬ ಪ್ರತಿ ಸಲವೂ ಏರುತ್ತಿತ್ತು. ಮಾರಾಟ ಮಾತ್ರ ಇಳಿಯುತ್ತಿದ್ದುದರಿಂದ ನಾನು ಆ ಲೀಡ್‌ಗಳ ಎಕ್ಸೆಲ್ ಹಾಳೆಯನ್ನೇ ಕೇಳಿ ತರಿಸಿದೆ. ಮೊದಲ ಪರದೆಯಲ್ಲೇ 9999999999 ಎಂಬ ನಂಬರ್ ಹಲವು ಸಲ ಇತ್ತು. 1234567890 ಇತ್ತು. ಹೆಸರಿನ ಕಾಲಮ್ಮಿನಲ್ಲಿ ‘ಅಅಅ’ ಇತ್ತು, ‘ಬ್ಯಾಡ’ ಇತ್ತು, ಒಬ್ಬ ಪುಣ್ಯಾತ್ಮ ‘ಸೀರಿ ತೋರಸ್ರಿ ಮೊದಲ’ ಎಂದು ಬರೆದಿದ್ದ. ಸರಿಯಾದ ನಂಬರ್ ಕೊಟ್ಟವರಿಗೆ ಕರೆ ಮಾಡಿದರೆ ಹೆಚ್ಚಿನವರು ‘ಪುಟ ಮುಂದಕ್ಕೆ ಹೋಗಲೆಂದು ಕೊಟ್ಟೆವು, ಇನ್ನು ಫೋನ್ ಮಾಡಬೇಡಿ’ ಎಂದರು. ಏಜೆನ್ಸಿಗೆ ನಾವು ಕೊಡುತ್ತಿದ್ದ ಹಣ ಲೀಡಿನ ಲೆಕ್ಕದ ಮೇಲಿತ್ತು, ಮಾರಾಟದ ಮೇಲಲ್ಲ. ಗಿರಾಕಿಯನ್ನು ಎಷ್ಟು ಸಲ ಅಡ್ಡಗಟ್ಟಿ ನಂಬರ್ ಕಸಿದುಕೊಂಡರೆ ಅವರಿಗೆ ಅಷ್ಟು ಲಾಭ. ಆ ಗಿರಾಕಿ ಮತ್ತೆ ಬಾರದಿದ್ದರೆ ಅದು ನಮ್ಮ ನಷ್ಟ. ಒಪ್ಪಂದದ ಈ ಒಂದು ಅಂಶ ಅರ್ಥವಾದರೆ ಗಾಲಿ, ಗಡಿಯಾರ, ಪೆಟ್ಟಿಗೆಗಳೆಲ್ಲ ಏಕೆ ಬಂದವೆಂಬುದು ತಾನಾಗಿಯೇ ತಿಳಿಯುತ್ತದೆ.

ಇದನ್ನು ಮುಂದಿಟ್ಟಾಗ ಏಜೆನ್ಸಿಯ ಹುಡುಗ ‘ಎಲ್ಲ ದೊಡ್ಡ ಬ್ರ್ಯಾಂಡ್‌ಗಳೂ ಹೀಗೆಯೇ ಮಾಡುತ್ತವೆ ಸರ್’ ಎಂದ. ಕಾಕಾ ಹೆಚ್ಚು ಮಾತನಾಡುವವರಲ್ಲ. “ತಮ್ಮಾ, ನಮ್ಮ ಅಂಗಡಿಗೆ ಬಂದವರಿಗೆ ಮೊದಲ ಕುಂಡ್ರರಿ ಅಂತೇವಿ, ನೀರು ಕೊಡತೇವಿ. ಫೋನ್ ನಂಬರ್ ಬರದು ಕೊಟ್ಟ ಮ್ಯಾಲ ಒಳಗ ಬರ್ರಿ ಅಂತ ಬಾಗಲಾಗ ನಿಂತಿರತೇವೇನು?” ಎಂದಷ್ಟೇ ಕೇಳಿದರು.

ದೊಡ್ಡವರೂ ಮಾಡುತ್ತಾರೆಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಅಂತರ್ಜಾಲದ ಕಂಪನಿಗಳೇ ಈ ಕಿರುಕುಳಕ್ಕೆ ತಡೆ ಒಡ್ಡಲು ಹೊರಟು ಬಹಳ ಕಾಲವಾಯಿತು. 1990ರ ದಶಕದಲ್ಲಿ ಟ್ರೈಪಾಡ್ ಎಂಬ ಕಂಪನಿಯಲ್ಲಿದ್ದಾಗ ಪಾಪ್‌ಅಪ್ (ಪರದೆಯ ಮೇಲೆ ತಾನಾಗಿ ಎದ್ದು ಬರುವ) ಜಾಹೀರಾತಿನ ಕೋಡ್ ಬರೆದ ಈಥನ್ ಝುಕರ್‌ಮನ್, 2014ರಲ್ಲಿ ಬಹಿರಂಗವಾಗಿಯೇ ಕ್ಷಮೆ ಕೇಳಿದರು. ಗೂಗಲ್ ಹುಡುಕಾಟದಿಂದ ಫೋನಿನಲ್ಲಿ ಪುಟಕ್ಕೆ ಬಂದವರಿಗೆ ವಿಷಯವನ್ನೇ ಮುಚ್ಚುವ ಪೆಟ್ಟಿಗೆಗಳು ಎದುರಾದರೆ ಆ ಪುಟದ ಸ್ಥಾನ ಕೆಳಗಿಳಿಯಬಹುದೆಂಬ ನಿಯಮವನ್ನು ಗೂಗಲ್ 2017ರ ಜನವರಿ 10ರಿಂದಲೇ ಜಾರಿಗೆ ತಂದಿದೆ. ಬಂದ ಕೂಡಲೇ ನೋಟಿಫಿಕೇಶನ್ ಅನುಮತಿ ಬೇಡುವ ಕಾಟ ಹೆಚ್ಚಾದುದರಿಂದ 2020ರ ಆರಂಭದಲ್ಲಿ ಫೈರ್‌ಫಾಕ್ಸ್ ಬ್ರೌಸರ್ ಆ ಕೋರಿಕೆಗಳನ್ನು ಮರೆಗೆ ಸರಿಸಿತು, ಕ್ರೋಮ್ ಬ್ರೌಸರ್ ಕೂಡ ಅವುಗಳನ್ನು ಸದ್ದಿಲ್ಲದಂತೆ ತೋರಿಸುವ ವ್ಯವಸ್ಥೆ ತಂದಿತು. ಅಂದರೆ ನಾವು ಹಣ ಕೊಟ್ಟು ಮಾಡಿಸಿಕೊಂಡದ್ದು, ಗೂಗಲ್‌ನಲ್ಲಿ ನಮ್ಮನ್ನು ಮೇಲಕ್ಕೆ ಒಯ್ಯುವ ಬದಲು ಕೆಳಕ್ಕೆ ತಳ್ಳಬಹುದಾದ ಕೆಲಸ.

ಕಾನೂನಿನ ಮಾತು ಇದಕ್ಕಿಂತ ಗಂಭೀರವಾದುದು, ಅದನ್ನು ನಮ್ಮ ಭಾಗದ ವ್ಯಾಪಾರಸ್ಥರಲ್ಲಿ ಅನೇಕರು ಗಮನಿಸಿದಂತಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ಗಳನ್ನು, ಅಂದರೆ ಗ್ರಾಹಕರನ್ನು ದಾರಿ ತಪ್ಪಿಸುವ ಪುಟವಿನ್ಯಾಸಗಳನ್ನು, ತಡೆಯುವ ಮಾರ್ಗಸೂಚಿಯನ್ನು ಹೊರಡಿಸಿದೆ. ಅದರಲ್ಲಿ 13 ಬಗೆಯ ಕುತಂತ್ರಗಳನ್ನು ಹೆಸರಿಸಲಾಗಿದೆ. ಸುಳ್ಳು ಅವಸರ ಹುಟ್ಟಿಸುವುದು ಪಟ್ಟಿಯಲ್ಲಿ ಮೊದಲನೆಯದು. ‘ಎರಡೇ ಕೋಣೆ ಉಳಿದಿವೆ, ಇನ್ನೂ 30 ಜನ ನೋಡುತ್ತಿದ್ದಾರೆ’ ಎಂಬ ಉದಾಹರಣೆಯನ್ನೇ ಅಲ್ಲಿ ಕೊಟ್ಟಿದ್ದಾರೆ. ಕೇಳದೆ ಬುಟ್ಟಿಗೆ ವಸ್ತು ಸೇರಿಸುವುದು, ಬೇಡವೆಂದವರನ್ನು ನಾಚಿಸುವಂಥ ಮಾತು ಬರೆಯುವುದು, ಮತ್ತೆ ಮತ್ತೆ ಪೀಡಿಸುವುದು, ಬೆಲೆಯ ಒಂದು ಭಾಗವನ್ನು ಕೊನೆಯವರೆಗೆ ಮುಚ್ಚಿಡುವುದು ಇವೂ ಅದರಲ್ಲಿವೆ. ನಮ್ಮ ಜಾಲತಾಣದಲ್ಲಿ ಹಣ ಕಟ್ಟುವ ಪುಟಕ್ಕೆ ಹೋದರೆ ‘ಗಿಫ್ಟ್ ಪ್ಯಾಕಿಂಗ್ 99 ರೂಪಾಯಿ’ ಎಂಬ ಸಾಲಿಗೆ ಮೊದಲೇ ಗುರುತು ಹಾಕಿಟ್ಟಿದ್ದರು. ಅಂಗಡಿಯಲ್ಲಿ ಗಿಫ್ಟ್ ಪ್ಯಾಕಿಂಗ್ ಕಾಗದವೇ ಇರಲಿಲ್ಲ. ಈ ಮಾರ್ಗಸೂಚಿ ದೊಡ್ಡ ವೇದಿಕೆಗಳಿಗಷ್ಟೇ ಸೀಮಿತವಲ್ಲ. ಜಾಹೀರಾತುದಾರರಿಗೂ ಮಾರಾಟಗಾರರಿಗೂ ಅನ್ವಯಿಸುತ್ತದೆ. ದೂರು ಬಂದರೆ ಗಿರಾಕಿಯ ಕಣ್ಣಿಗೆ ಬೀಳುವ ಹೆಸರು ಅಂಗಡಿಯದು, ಏಜೆನ್ಸಿಯದಲ್ಲ.

ಒಪ್ಪಂದ ಮುರಿದುಕೊಂಡ ಮೇಲೂ ತೊಂದರೆ ಮುಗಿಯಲಿಲ್ಲ. ನೋಟಿಫಿಕೇಶನ್‌ಗೆ ‘ಆಗಲಿ’ ಎಂದಿದ್ದ ಗಿರಾಕಿಗಳ ಫೋನಿಗೆ, ನಮ್ಮ ಅಂಗಡಿಯ ಹೆಸರು ಮತ್ತು ಗುರುತಿನ ಕೆಳಗೆ, ತಕ್ಷಣ ಸಾಲ ಕೊಡುವ ಆ್ಯಪ್‌ಗಳ ಜಾಹೀರಾತು ಹೋಗತೊಡಗಿತು. ಗಿರಾಕಿಗಳು ಕೊಟ್ಟ ಅನುಮತಿ ನಮ್ಮ ಜಾಲತಾಣದ ವಿಳಾಸಕ್ಕೆ ಸೇರಿರಲಿಲ್ಲ. ಏಜೆನ್ಸಿ ಬಳಸುತ್ತಿದ್ದ ಬೇರೊಂದು ಸೇವೆಯ ವಿಳಾಸಕ್ಕೆ ಸೇರಿತ್ತು, ಆ ಸೇವೆಯ ಖಾತೆ ಏಜೆನ್ಸಿಯ ಹೆಸರಿನಲ್ಲಿತ್ತು. ನಮ್ಮ ಕಡೆಯಿಂದ ಅದನ್ನು ನಿಲ್ಲಿಸಲು ದಾರಿಯೇ ಇರಲಿಲ್ಲ. ಸೀರೆ ಮಾರುವವರು ಸಾಲದ ದಂಧೆಗೆ ಇಳಿದರೇ ಎಂದು ಊರಿನವರೇ ಕಾಕಾ ಅವರನ್ನು ಕೇಳಿದರು. ನಲವತ್ತು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಗಳಿಸಿದ ಹೆಸರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಿರಲಿಲ್ಲ.

ಆದುದರಿಂದ ಏಜೆನ್ಸಿಯೊಂದಿಗೆ ಕಾಗದಕ್ಕೆ ಸಹಿ ಹಾಕುವ ಮೊದಲು ವ್ಯಾಪಾರಸ್ಥರು ಗಟ್ಟಿಯಾಗಿ ಕೇಳಿ ಬರೆಸಿಕೊಳ್ಳಬೇಕಾದ ಮಾತುಗಳಿವೆ. ಹಣ ಲೀಡಿನ ಮೇಲೋ, ಕೈಗೆ ಬಂದ ಆರ್ಡರಿನ ಮೇಲೋ ಎಂಬುದು ಮೊದಲನೆಯದು. ಲೀಡಿನ ಮೇಲೆಂದರೆ ನನ್ನ ಮಟ್ಟಿಗೆ ಅಲ್ಲಿಗೇ ಎದ್ದು ಬರುವುದು ಲೇಸು. ಡೊಮೇನ್ (ಜಾಲತಾಣದ ವಿಳಾಸ), ಗೂಗಲ್ ಖಾತೆ, ಎಸ್‌ಎಂಎಸ್ ಮತ್ತು ನೋಟಿಫಿಕೇಶನ್ ಸೇವೆಯ ಖಾತೆಗಳು ಅಂಗಡಿಯ ಹೆಸರಿನಲ್ಲೇ ಇರಬೇಕು, ಪಾಸ್‌ವರ್ಡ್ ನಿಮ್ಮ ಕೈಯಲ್ಲಿರಬೇಕು. ಜಾಲತಾಣದಲ್ಲಿ ತೋರಿಸುವ ಪ್ರತಿಯೊಂದು ಸಂಖ್ಯೆ, ಅದು ಉಳಿದ ಸೀರೆಯ ಲೆಕ್ಕವಿರಲಿ, ಕೊಂಡವರ ಲೆಕ್ಕವಿರಲಿ, ನಿಮ್ಮ ಸ್ಟಾಕ್ ಪುಸ್ತಕದಿಂದ ಬಂದದ್ದಾಗಿರಬೇಕು. ಹೊಸದೇನಾದರೂ ಸೇರಿಸಿದಾಗ ಏಜೆನ್ಸಿಯವರ ಲ್ಯಾಪ್‌ಟಾಪಿನಲ್ಲಿ ನೋಡಿ ಒಪ್ಪಬೇಡಿ. ನೆಟ್‌ವರ್ಕ್ ಮಂದವಿರುವ ಹಳ್ಳಿಯ ಸಂಬಂಧಿಕರೊಬ್ಬರ ಫೋನಿನಲ್ಲಿ, ಅವರ ಕೈಯಿಂದಲೇ ತೆಗೆಸಿ ನೋಡಿ.

ಗಿರಾಕಿಗಳಾಗಿ ಇಂಥದನ್ನು ಎದುರಿಸುವವರು ಪರದೆಯ ಚಿತ್ರ ಹಿಡಿದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಬೇಡದ ಮಾರಾಟ ಕರೆ ಮತ್ತು ಎಸ್‌ಎಂಎಸ್‌ಗಳನ್ನು ತಡೆಯಲು 1909 ಎಂಬ ನಂಬರಿನಲ್ಲಿ ನೋಂದಾಯಿಸಿಕೊಳ್ಳಬಹುದು. ನಮ್ಮ ಹಳೆಯ ಸರಳ ಜಾಲತಾಣವನ್ನು ಈಗ ಮತ್ತೆ ಹಾಕಿದ್ದೇವೆ. ವಿಜಯಪುರದ ಶಿಕ್ಷಕಿಯವರು ಗೋಮಿ ದಡಿಯ ಒಂಬತ್ತು ವಾರಿಯ ಸೀರೆಯೊಂದನ್ನು ತರಿಸಿಕೊಂಡರು, ಪುಣೆಯವರು ಇನ್ನೂ ಮರಳಿಲ್ಲ. ಯಾವುದೇ ಅಂಗಡಿಯ ಹೆಸರಿನಲ್ಲಿ ನಿಮ್ಮ ಆಂಡ್ರಾಯ್ಡ್ ಫೋನಿಗೆ ಸಾಲದ ಜಾಹೀರಾತು ಬರುತ್ತಿದ್ದರೆ, ಕ್ರೋಮ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ತೆರೆದು, ಅಲ್ಲಿ ಅನುಮತಿ ಪಡೆದವರ ಪಟ್ಟಿಯಲ್ಲಿರುವ ಪರಿಚಯವಿಲ್ಲದ ವಿಳಾಸಗಳನ್ನೆಲ್ಲ ಬ್ಲಾಕ್ ಮಾಡಿ. ಅಂಗಡಿಯವರಿಗೂ ಒಂದು ಮಾತು ತಿಳಿಸಿ. ತಮ್ಮ ಹೆಸರಿನಲ್ಲಿ ಏನು ಹೋಗುತ್ತಿದೆಯೆಂಬುದು ಅವರಿಗೆ ಗೊತ್ತಿಲ್ಲದೆಯೂ ಇರಬಹುದು.