ವಾಯ್ಸ್‌ಮೇಲ್ ಡಬ್ಬಿ ಕಾಣೆಯಾದಾಗ: ಪಿಂಗ್, ಎಆರ್‌ಪಿ, ಮಾನಿಟರ್, ಯಾವುದು ಕೈಹಿಡಿಯಿತು?

ನಮ್ಮದು ಮೈಸೂರಿನಲ್ಲಿ ಅಗರಬತ್ತಿ ರಫ್ತು ಮಾಡುವ ಸಣ್ಣ ಆಫೀಸು. ನನ್ನ ಕೆಲಸ ಲೆಕ್ಕ ನೋಡುವುದು. ಕಂಪ್ಯೂಟರು, ಫೋನು ಕೈಕೊಟ್ಟರೆ ಅದೂ ನನ್ನ ತಲೆಗೇ. ಇಲ್ಲಿ ವಾಯ್ಸ್‌ಮೇಲ್ ಯಾಕಪ್ಪಾ ಅಂತ ಕೇಳಬಹುದು. ನಮ್ಮ ಕಡೆ ಯಾರೂ ಮೆಸೇಜ್ ಬಿಡುವುದಿಲ್ಲ, ಮಿಸ್ಡ್ ಕಾಲ್ ಕೊಟ್ಟು ಸುಮ್ಮನಾಗುತ್ತಾರೆ. ಆದರೆ ಬೇಸಿಗೆಯಲ್ಲಿ ನ್ಯೂಯಾರ್ಕಿನ ಬೆಳಿಗ್ಗೆ 10 ಗಂಟೆ ಅಂದರೆ ನಮಗೆ ಸಂಜೆ 7.30. ಅಷ್ಟು ಹೊತ್ತಿಗೆ ನಾವು ಬಾಗಿಲು ಹಾಕಿರುತ್ತೇವೆ, ಗಿರಾಕಿ ಆಗಷ್ಟೇ ಕಾಫಿ ಹಿಡಿದು ಕೂತಿರುತ್ತಾರೆ.

ಅದಕ್ಕೇ ಮೂಲೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇದೆ. ಒಳಗೆ ಆಫೀಸಿನ ಫೋನುಗಳನ್ನು ನಡೆಸುವ ಆಸ್ಟರಿಸ್ಕ್ ಎಂಬ ತಂತ್ರಾಂಶ, ಅದನ್ನು ಬ್ರೌಸರಿನಲ್ಲಿ ಹೊಂದಿಸಲು ಅದರ ಮೇಲೆ ಫ್ರೀಪಿಬಿಎಕ್ಸ್. ಹೊರಗಿನ ಲೈನು ಒಂದು ಪುಟ್ಟ ಗೇಟ್‌ವೇ (ಟೆಲಿಫೋನ್ ಲೈನನ್ನು ನೆಟ್‌ವರ್ಕಿಗೆ ಜೋಡಿಸುವ ಪೆಟ್ಟಿಗೆ) ಮೂಲಕ ಅದಕ್ಕೆ ಬರುತ್ತದೆ. ಬೆಳಿಗ್ಗೆ ಬಂದವರು ಸ್ಟಾರ್ 97 ಒತ್ತಿ ತಮ್ಮ ಮೆಸೇಜ್ ಕೇಳುತ್ತಾರೆ. ಒಂದೇ ವರ್ಷದಲ್ಲಿ ಈ ಡಬ್ಬಿ ಎರಡು ಸಲ ನೆಟ್‌ವರ್ಕಿನಿಂದ ಮಾಯವಾಯಿತು. ಎರಡು ಸಲವೂ ಬೇರೆ ಬೇರೆ ದಾರಿ ಹಿಡಿದು ಹುಡುಕಿದೆ.

ಮೊದಲ ಸಲ ಇಂಟರ್ನೆಟ್‌ನವರು ಬಂದು ರೂಟರ್ ಬದಲಿಸಿ ಹೋದ ಮಾರನೇ ಬೆಳಿಗ್ಗೆ. ಆರೂ ಫೋನುಗಳಲ್ಲಿ 'ನೋ ಸರ್ವಿಸ್'. ಡಬ್ಬಿ ಸತ್ತೇ ಹೋಗಿದೆ ಅಂದುಕೊಂಡೆ. ಅಷ್ಟರಲ್ಲಿ ಯಜಮಾನರು ಮೊಬೈಲಿನಿಂದ ಕರೆದರು. "ಏನಯ್ಯಾ, ಆಫೀಸ್ ನಂಬರಿಗೆ ಮಾಡಿದ್ರೆ ನಿನ್ನ ಮಷೀನು ಚೆನ್ನಾಗೇ ಮಾತಾಡ್ತಿದೆ. ಮೆಸೇಜ್ ಬಿಡಿ ಅಂತು. ಬಿಟ್ಟೆ."

ಹೊರಗಿನವರಿಗೆ ಸಿಗುತ್ತದೆ, ಹತ್ತಡಿ ದೂರದಲ್ಲಿ ಕೂತ ನಮಗೆ ಸಿಗುವುದಿಲ್ಲ!

ರೀಸ್ಟಾರ್ಟ್ ಮಾಡಿದೆ. ಅದನ್ನು ಹೋಲಿಕೆಗೆ ಸೇರಿಸುವುದೂ ಬೇಡ, ಏನೂ ಆಗಲಿಲ್ಲ. ಆಮೇಲೆ ಪಿಂಗ್, ಅಂದರೆ ಒಂದು ವಿಳಾಸಕ್ಕೆ 'ಇದ್ದೀಯಾ' ಅಂತ ಕೂಗಿ ಉತ್ತರ ಬರುತ್ತದೆಯೇ ಅಂತ ನೋಡುವ ಕಮಾಂಡ್. ಡಬ್ಬಿಯ ವಿಳಾಸ 192.168.0.10. ನಾಲ್ಕು ಸಲವೂ 'ರಿಕ್ವೆಸ್ಟ್ ಟೈಮ್ಡ್ ಔಟ್'. ಇಷ್ಟರಿಂದ ಡಬ್ಬಿ ಕೆಟ್ಟಿದೆಯೋ, ಕೇಬಲ್ ಹೋಗಿದೆಯೋ, ದಾರಿಯೇ ತಪ್ಪಿದೆಯೋ ಗೊತ್ತಾಗುವುದಿಲ್ಲ.

ನಮ್ಮ ಕಂಪ್ಯೂಟರಿನದೇ ವಿಳಾಸ ತೋರಿಸುವ ಐಪಿಕಾನ್ಫಿಗ್ ಕಮಾಂಡ್ ಹೊಡೆದಾಗ ಕಣ್ಣು ತೆರೆಯಿತು. ನನ್ನ ಲ್ಯಾಪ್‌ಟಾಪಿನ ವಿಳಾಸ 192.168.1ರಿಂದ ಶುರುವಾಗುತ್ತಿತ್ತು. ವಿಳಾಸದ ಮೂರನೇ ಅಂಕಿಯನ್ನು ಸಾಲು ಅನ್ನೋಣ: ಹಳೇ ರೂಟರ್ 0 ಸಾಲಿನದು, ಹೊಸದು 1 ಸಾಲಿನದು. ಸಾಲು ಬೇರೆಯಾದರೆ ಯಂತ್ರಗಳು ನೇರವಾಗಿ ಮಾತಾಡಿಕೊಳ್ಳುವುದಿಲ್ಲ. ಫೋನುಗಳು ರೂಟರನ್ನು ಕೇಳಿ ವಿಳಾಸ ಪಡೆಯುತ್ತವೆ, ಹಾಗಾಗಿ ಹೊಸ ಸಾಲಿಗೆ ಹೋಗಿದ್ದವು. ಡಬ್ಬಿಗೂ ಗೇಟ್‌ವೇಗೂ ವಿಳಾಸವನ್ನು ಕೈಯಾರೆ ಬರೆದಿಟ್ಟಿದ್ದರಿಂದ ಅವು ಹಳೇ ಸಾಲಿನಲ್ಲೇ ಕೂತು, ತಮ್ಮತಮ್ಮಲ್ಲೇ ಮಾತಾಡಿಕೊಂಡು, ಕರೆ ತೆಗೆದು ಮೆಸೇಜ್ ತುಂಬಿಸಿಕೊಳ್ಳುತ್ತಿದ್ದವು. ಕೇಳುವವರಿಗೆ ಮಾತ್ರ ದಾರಿ ಇರಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ ಇಲ್ಲಿ ಸಿಕ್ಕಿತು. ಲ್ಯಾಪ್‌ಟಾಪಿಗೆ ಕೈಯಾರೆ 192.168.0.50 ಎಂದು ವಿಳಾಸ ಕೊಟ್ಟೆ, ಮಾಸ್ಕ್ (ವಿಳಾಸದ ಎಷ್ಟು ಭಾಗ ಸಾಲನ್ನು ಸೂಚಿಸುತ್ತದೆ ಅಂತ ಹೇಳುವ ಸಂಖ್ಯೆ) 255.255.255.0. ಡಬ್ಬಿಯ ಪುಟ ಥಟ್ಟನೆ ತೆರೆಯಿತು. ಲ್ಯಾಪ್‌ಟಾಪಿನಿಂದ ಡಬ್ಬಿಗೆ ನೇರ ಕೇಬಲ್ ಹಾಕಬೇಕು ಅಂತ ಮೊದಲು ಅಂದುಕೊಂಡಿದ್ದೆ, ಅದೂ ಬೇಕಾಗಲಿಲ್ಲ. ಎರಡೂ ಒಂದೇ ಸ್ವಿಚ್ಚಿನಲ್ಲಿ (ನೆಟ್‌ವರ್ಕ್ ಕೇಬಲ್‌ಗಳೆಲ್ಲ ಸೇರುವ ಪೆಟ್ಟಿಗೆ) ಇದ್ದರೆ ಸಾಕು, ನಡುವೆ ರೂಟರಿನ ಹಂಗಿಲ್ಲ.

ಮಾನಿಟರ್ ಹೊತ್ತುಕೊಂಡು ಹೋಗಿ ಡಬ್ಬಿಗೆ ಸಿಕ್ಕಿಸುವುದು ಇನ್ನೊಂದು ದಾರಿ. ಲಾಗಿನ್ ಆದರೆ ತನ್ನ ವಿಳಾಸವನ್ನು ಅದೇ ತೋರಿಸುತ್ತದೆ. ಆದರೆ ಪಾಸ್‌ವರ್ಡ್ ಗೊತ್ತಿರಬೇಕಲ್ಲ. ಡಬ್ಬಿ ಹೊಂದಿಸಿದ ಹುಡುಗ ಕೆಲಸ ಬಿಟ್ಟು ಹೋಗಿ ಬಹಳ ದಿನವಾಗಿತ್ತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಹೊಸ ರೂಟರನ್ನೇ ಹಳೇ 0 ಸಾಲಿಗೆ ತಂದಿದ್ದರೆ ಐದು ನಿಮಿಷದ ಕೆಲಸ. ಅದು ಬಿಟ್ಟು ಡಬ್ಬಿಗೆ, ಗೇಟ್‌ವೇಗೆ ಹೊಸ ಸಾಲಿನ ವಿಳಾಸ ಬರೆದು, ಆರು ಫೋನುಗಳಲ್ಲೂ ಇದ್ದ ಡಬ್ಬಿಯ ಹಳೇ ವಿಳಾಸವನ್ನು ಒಂದೊಂದಾಗಿ ತಿದ್ದುತ್ತಾ ಕೂತೆ. ಡಬ್ಬಿಗೆ 192.168.1.10 ಕೊಟ್ಟೆ. ಹೊಸ ರೂಟರ್ ತಾನಾಗಿ ಹಂಚುವ ವಿಳಾಸಗಳಲ್ಲಿ ಆ 10 ಕೂಡ ಸೇರಿದೆಯೇ ಅಂತ ನೋಡಲಿಲ್ಲ. ಎರಡನೇ ಸಲದ ಗೋಳಿಗೆ ಬೀಜ ಬಿದ್ದಿದ್ದು ಅಲ್ಲೇ.

ಕೆಲವು ತಿಂಗಳಾದ ಮೇಲೆ, ಕರೆಂಟ್ ಹೋಗಿ ಬಂದ ಒಂದು ದಿನ, ವಾಯ್ಸ್‌ಮೇಲ್ ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ. ಪಿಂಗ್ ಮಾಡಿದರೆ ಉತ್ತರ ಬರುತ್ತದೆ. ಪಿಂಗ್ ಸರಿ ಇದೆ ಅಂತ ನಾನು ಅರ್ಧ ದಿನ ಫೋನುಗಳನ್ನೇ ಬೈಯುತ್ತಿದ್ದೆ. ಕೊನೆಗೆ ಬ್ರೌಸರಿನಲ್ಲಿ ಆ ವಿಳಾಸ ಹೊಡೆದರೆ ಟೋನರ್ ಇಷ್ಟು ಉಳಿದಿದೆ ಅಂತ ಒಂದು ಪುಟ ಬಂತು. ಪ್ರಿಂಟರ್! ಪಿಂಗಿಗೆ ಉತ್ತರ ಕೊಡುತ್ತಿದ್ದುದೂ ಅದೇ.

ಇಲ್ಲಿ ಗೆದ್ದದ್ದು ಎಆರ್‌ಪಿ. ಕಮಾಂಡ್ ಕಿಟಕಿಯಲ್ಲಿ 'ಎಆರ್‌ಪಿ ಮೈನಸ್ ಎ' ಹೊಡೆದರೆ ಯಾವ ವಿಳಾಸದ ಹಿಂದೆ ಯಾವ ಮ್ಯಾಕ್ ಸಂಖ್ಯೆ (ಪ್ರತಿ ಯಂತ್ರಕ್ಕೂ ತಯಾರಿಸುವಾಗಲೇ ಕೊಟ್ಟ ಗುರುತು) ಇದೆ ಅಂತ ಪಟ್ಟಿ ಬರುತ್ತದೆ. ಮ್ಯಾಕ್‌ನ ಮೊದಲ ಆರು ಅಕ್ಷರ ತಯಾರಿಸಿದ ಕಂಪನಿಯದು. 1.10ರ ಹಿಂದೆ ಈಗ ಪ್ರಿಂಟರಿನದು, ಸ್ವಲ್ಪ ಹೊತ್ತಿಗೆ ಡಬ್ಬಿಯದು, ಮತ್ತೆ ಪ್ರಿಂಟರಿನದು. ಒಂದೇ ಮನೆ ನಂಬರಿಗೆ ಇಬ್ಬರು ಬಾಡಿಗೆದಾರರು ಬಂದ ಹಾಗೆ. ಪಿಂಗ್‌ಗೆ 'ಯಾರೋ ಇದ್ದಾರೆ' ಅಂತ ಮಾತ್ರ ಗೊತ್ತು. ಯಾರು ಅಂತ ಹೇಳುವುದು ಎಆರ್‌ಪಿ.

ಆದರೆ ಡಬ್ಬಿ ಇರುವಾಗ ಅದರ ನಂಬರನ್ನು ರೂಟರ್ ಪ್ರಿಂಟರಿಗೆ ಕೊಟ್ಟಿದ್ದಾದರೂ ಹೇಗೆ? ಈ ಸಲ ಹೇಳಿದ್ದು ಮಾನಿಟರ್. ಸಿಕ್ಕಿಸಿ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ, ಗಡಿಯಾರ ಹೋಗಿದೆ, ಮುಂದುವರಿಯಲು ಎಫ್1 ಒತ್ತಿ ಅಂತ ಕಪ್ಪು ಪರದೆ. ಮದರ್‌ಬೋರ್ಡಿನ ಸೆಲ್ ಸತ್ತಿತ್ತು. ಅವತ್ತು ಬೆಳಿಗ್ಗೆ ಡಬ್ಬಿ ಏಳುತ್ತಿಲ್ಲ ಅಂತ ನಮ್ಮ ಪ್ಯಾಕಿಂಗ್ ಹುಡುಗ ಅದಕ್ಕೆ ಕೀಬೋರ್ಡ್ ಸಿಕ್ಕಿಸಿ ಸಿಕ್ಕಿದ ಬಟನ್ನೆಲ್ಲ ಒತ್ತಿ ಎಬ್ಬಿಸಿದ್ದನಂತೆ. ಅಷ್ಟರೊಳಗೆ ಪ್ರಿಂಟರ್ ಎದ್ದು ಖಾಲಿ ಇದ್ದ 10ನ್ನು ಕೇಳಿ ಪಡೆದಿತ್ತು.

ಈಗ ವಿಳಾಸವನ್ನು ಡಬ್ಬಿಯೊಳಗೆ ಬರೆಯುವುದನ್ನು ಬಿಟ್ಟಿದ್ದೇನೆ. ರೂಟರಿನಲ್ಲೇ ಡಬ್ಬಿಯ ಮ್ಯಾಕ್‌ಗೆ 10 ಅಂತ ಕಾಯ್ದಿರಿಸಿದ್ದೇನೆ. ಇದರಲ್ಲೂ ಕುಂದಿದೆ. ನಾಳೆ ಮತ್ತೆ ರೂಟರ್ ಬದಲಾದರೆ ಈ ಕಾಯ್ದಿರಿಸುವಿಕೆಯೂ ಹೋಗುತ್ತದೆ. ಆದರೂ ಡಬ್ಬಿ ಹೊಸ ಸಾಲಿಗೆ ತಾನೇ ಬಂದು ರೂಟರಿನ ಪಟ್ಟಿಯಲ್ಲಿ ಕಾಣಿಸುತ್ತದೆ, ಎಲ್ಲಿದೆ ಅಂತ ಹುಡುಕುವ ಕೆಲಸ ಇರುವುದಿಲ್ಲ.

ಮೆಸೇಜುಗಳನ್ನು ಇಮೇಲಿಗೂ ಕಳಿಸುವ ಹಾಗೆ ಮೊದಲಿನಿಂದಲೇ ಹೊಂದಿಸಿದೆ. ಸ್ಟಾರ್ 97ಗಿಂತ ಅದು ಸಲೀಸು, ಮನೆಯಿಂದಲೇ ಕೇಳಬಹುದು. ಸಾದಾ ವೇವ್ ಫೈಲಾದರೆ ನಿಮಿಷಕ್ಕೆ ಸುಮಾರು 1 ಎಂಬಿ. ಜಿಮೇಲ್ ಮೂಲಕ ಕಳಿಸುವವರಿಗೆ ಒಂದು ಮಾತು: 2022ರ ಮೇ ನಂತರ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ, ಗೂಗಲ್ ಖಾತೆಯಲ್ಲಿ ಬೇರೆಯಾಗಿ ಪಡೆಯುವ ಆ್ಯಪ್ ಪಾಸ್‌ವರ್ಡ್ ಬೇಕು. ಮೇಲ್ ಕಳಿಸಲು ಒಪ್ಪಿಸಿದ ಕೂಡಲೇ, ಅದು ತಲುಪಿತೋ ಇಲ್ಲವೋ ನೋಡದೆ, ಡಬ್ಬಿಯಿಂದ ಮೆಸೇಜ್ ಅಳಿಸುವ ಆಯ್ಕೆಯೂ ಇದೆ. ಅದನ್ನು ಹಾಕಲೇಬೇಡಿ. ಮೊದಲ ಸಲ ಡಬ್ಬಿಗೆ ಹೊರಗೆ ಹೋಗುವ ದಾರಿಯೂ ಇರಲಿಲ್ಲ, ಮೇಲುಗಳೆಲ್ಲ ಒಳಗೇ ಸಾಲುಗಟ್ಟಿದ್ದವು. ವಿಳಾಸ ತಿದ್ದಿ ಸ್ವಲ್ಪ ಹೊತ್ತಿಗೆ ಒಂದರ ಹಿಂದೊಂದು ಬರತೊಡಗಿದವು. ಕೊನೆಯದು ಯಜಮಾನರದು: "ಹಲೋ... ಹಲೋ... ಯಾರಾದ್ರೂ ಇದೀರೇನ್ರೋ?"